ಆನಿಯ ಆಚೆ ದಡ

"ಅಮ್ಮನಿಗೆ ನಿಮ್ಮ ಕೆಂಪು ಶಾಲು ಚೆನ್ನಾಗಿ ಕಾಣುತ್ತಿದೆಯಂತೆ," ಎಂದಳು ಫೋನಿನಲ್ಲಿ ಹಸ್ಮಿಕ್. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹೇಳುವಂತಿರಲಿಲ್ಲ. "ನೀವು ಕೈ ಬೀಸುವುದೂ ಕಾಣುತ್ತಿದೆಯಂತೆ. ಇನ್ನೂ ಸ್ವಲ್ಪ ಹೊತ್ತು ಬೀಸಲಿ ಅನ್ನುತ್ತಿದ್ದಾಳೆ."

ವಾರಿಜಾಕ್ಷಿಯ ಎರಡು ಕೈಗಳೂ ಕೋಟಿನ ಜೇಬಿನೊಳಗಿದ್ದವು. ಕೋಟಿನ ಬಣ್ಣ ಬೂದು. ಕೆಂಪು ಶಾಲನ್ನು ಗಂಡ ಮಧ್ವರಾಜ ಅರ್ಧ ಗಂಟೆಯ ಹಿಂದೆಯೇ, ಚಳಿಗಾಳಿಗೆ ಕಿವಿ ನೋಯುತ್ತದೆಂದು ಇಸಿದುಕೊಂಡು, ಮುಂಡಾಸಿನ ಹಾಗೆ ತಲೆಗೆ ಸುತ್ತಿ, ಇಗರ್ಜಿಯ ಗೋಡೆಯ ಮರೆಗೆ ಹೋಗಿ ಕೂತಿದ್ದ. ಅವನು ಕೂತ ಜಾಗ ಆಚೆ ದಡದಿಂದ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಮೂವರೂ ಒಂದೇ ಕರೆಯಲ್ಲಿದ್ದರು. ವಾರಿಜಾಕ್ಷಿ ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನಿನಲ್ಲಿ ಮಲೇಷ್ಯಾದ ಮೆಲಾಕಾದ ಕಾಲೇಜಿನ ಕೋಣೆಯ ಫ್ಯಾನು ತಿರುಗುವುದು ಕೇಳುತ್ತಿತ್ತು. ಅದರ ಹಿಂದೆ, ಕಣಿವೆಯಾಚೆಯ ದಿಬ್ಬದ ಮೇಲೆ ನಿಂತ ಮುದುಕಿಯ ಏದುಸಿರು.

"ವಾರಿ? ಕೇಳಿಸುತ್ತಿದೆಯಾ?"

"ಕೇಳಿಸುತ್ತಿದೆ," ಎಂದಳು ವಾರಿಜಾಕ್ಷಿ. ಬಲಗೈಯನ್ನು ಜೇಬಿನಿಂದ ತೆಗೆದು ಮೇಲೆತ್ತಿ ಬೀಸಿದಳು. "ಬೀಸುತ್ತಿದ್ದೇನೆ ಎಂದು ಹೇಳು."

ಆನಿ ಎಂಬ ಆ ಊರು ಸಾವಿರ ವರ್ಷದ ಹಿಂದೆ ಅರ್ಮೇನಿಯನ್ ಅರಸರ ರಾಜಧಾನಿಯಾಗಿತ್ತು. ಈಗ ಅಲ್ಲಿ ಯಾರೂ ವಾಸವಿಲ್ಲ. ಮೊಣಕಾಲೆತ್ತರದ ಹುಲ್ಲು, ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಇಗರ್ಜಿ. ಒಂದರ ಗುಮ್ಮಟ ಕುಸಿದಿದೆ; ಇನ್ನೊಂದು ಸಿಡಿಲು ಹೊಡೆದ ಮರದ ಹಾಗೆ ನೆತ್ತಿಯಿಂದ ಬುಡದವರೆಗೆ ಸೀಳಿ ಅರ್ಧವಷ್ಟೇ ನಿಂತಿದೆ. ಊರಿನ ಅಂಚಿಗೆ ಬಂದರೆ ನೆಲ ಕಡಿದು ಹಾಕಿದಂತೆ ಮುಗಿದುಹೋಗುತ್ತದೆ. ಕೆಳಗೆ ಆಳದಲ್ಲಿ ಅಖುರಿಯನ್ ನದಿ. ಹಳೆಯ ಸೇತುವೆಯ ಮೋಟುಗಳು ಎರಡೂ ದಡದಲ್ಲಿ ಉಳಿದಿವೆ, ನಡುವಣ ಕಮಾನು ಇಲ್ಲ. ಈ ದಡ ತುರ್ಕಿ, ಆ ದಡ ಅರ್ಮೇನಿಯ. ಗಡಿ ಮುಚ್ಚಿ ಮೂವತ್ತು ವರ್ಷ ದಾಟಿತು. ಕಣ್ಣಿಗೆ ಕಾಣುವ ಆ ದಿಬ್ಬದಿಂದ ಈ ದಡಕ್ಕೆ ಬರಬೇಕೆಂದರೆ ಮೂರನೆಯ ದೇಶವೊಂದನ್ನು ಸುತ್ತಿಕೊಂಡು ಇಡೀ ದಿನ ಪ್ರಯಾಣ ಮಾಡಬೇಕು.

"ಹಂಪೆಯಾದ್ರೆ ಹೊಸಪೇಟೆಯಲ್ಲಿ ಬಸ್ಸು ಹತ್ತಿ ಹೋಗ್ಬಹುದು. ಇವರಿಗೆ ಅದೂ ಇಲ್ಲ ನೋಡು," ಎಂದಿದ್ದ ಮಧ್ವರಾಜ, ಬೆಳಿಗ್ಗೆ ಕೋಟೆಯ ಬಾಗಿಲು ದಾಟುವಾಗ.

ಹಸ್ಮಿಕ್‌ಳ ಹಳ್ಳಿ ಆ ದಿಬ್ಬದ ಹಿಂದಿತ್ತು. ಆರು ವರ್ಷದ ಹಿಂದೆ ಮೆಲಾಕಾದ ಮೆಡಿಕಲ್ ಕಾಲೇಜಿಗೆ ಫಿಸಿಯಾಲಜಿ ಕಲಿಸಲು ಬಂದವಳು ಅವಳು. ಮೊದಲ ದಿನ ಸ್ಟಾಫ್ ರೂಮಿನಲ್ಲಿ ಯಾರೋ ಹೆಸರಿನ ಅರ್ಥ ಕೇಳಿದಾಗ, "ಒಂದು ಬಿಳಿ ಹೂವು, ಸಂಜೆ ಘಮಘಮ ಅನ್ನುತ್ತದೆ," ಎಂದಿದ್ದಳು. ಉಡುಪಿಯ ವಾರಿಜಾಕ್ಷಿಗೆ ಅಷ್ಟು ಸಾಕಾಯಿತು. ಮರುದಿನವೇ ತಮಿಳರ ಹೂವಿನ ಅಂಗಡಿಗೆ ಹೋಗಿ ಎರಡು ಮೊಳ ಮಲ್ಲಿಗೆ ತಂದು ಅವಳ ಕಂದುಗೂದಲಿಗೆ ಮುಡಿಸಿದಳು. ವಾರಿಜಾಕ್ಷಿ ಅದೇ ಕಾಲೇಜಿನಲ್ಲಿ ಕಣ್ಣಿನ ವಿಭಾಗದ ಮುಖ್ಯಸ್ಥೆ. ಕಣ್ಣಿನ ಡಾಕ್ಟರಿಗೆ ತಾವರೆಗಣ್ಣಿನ ಹೆಸರೇ ಎಂದು ಮಣಿಪಾಲದಲ್ಲಿ ಓದುವಾಗಿನಿಂದ ನಗೆಯಾಡಿಸಿಕೊಂಡವಳು. ಹದಿನೈದು ವರ್ಷ ವಯಸ್ಸಿನ ಅಂತರವಿದ್ದರೂ ಇಬ್ಬರೂ ಅಂದಿನಿಂದ ಒಂದೇ ಮೇಜಿಗೆ ಊಟದ ಡಬ್ಬಿ ಬಿಚ್ಚುತ್ತಿದ್ದರು.

ಊರಿನಲ್ಲಿ ಹಸ್ಮಿಕ್‌ಳ ತಾಯಿ ಶುಶಾನ್ ಒಬ್ಬಳೇ. ಶುಶಾನಳ ತಾಯಿ ಹಸುಗೂಸಾಗಿದ್ದಾಗ, ನೂರು ವರ್ಷದ ಹಿಂದಿನ ಹತ್ಯಾಕಾಂಡಕ್ಕೆ ಹೆದರಿ, ಈ ದಡದಿಂದ ಆ ದಡಕ್ಕೆ ಓಡಿಹೋದ ಸಂಸಾರದವಳು. ಶುಶಾನ್ ಎಪ್ಪತ್ತಾರು ವರ್ಷವೂ ಆನಿಯನ್ನು ನದಿಯಾಚೆಯಿಂದ ನೋಡಿದವಳೇ ಹೊರತು ಒಮ್ಮೆಯೂ ಒಳಗೆ ಕಾಲಿಟ್ಟವಳಲ್ಲ. ಪ್ರತಿ ಭಾನುವಾರ ಮಗಳಿಗೆ ಫೋನು ಮಾಡಿ ಮೊದಲು ಹೇಳುವುದೇ ಆನಿಯ ಸುದ್ದಿ: ಇವತ್ತು ಹಿಮ ಬಿದ್ದಿದೆ, ಇವತ್ತು ದೊಡ್ಡ ಇಗರ್ಜಿಯ ಮೇಲೆ ಬಿಸಿಲು. "ನಮ್ಮಮ್ಮನದು ಹದ್ದಿನ ಕಣ್ಣು, ನಿಮ್ಮ ಹತ್ತಿರ ಬರುವ ಗಿರಾಕಿಯಲ್ಲ," ಎಂದು ಹಸ್ಮಿಕ್ ಛೇಡಿಸುತ್ತಿದ್ದಳು.

ವಾರಿಜಾಕ್ಷಿ ದಂಪತಿ ತುರ್ಕಿಗೆ ಟೂರು ಹೊರಟಿದ್ದು, ಆ ಟೂರಿನಲ್ಲಿ ಆನಿಯೂ ಇದ್ದದ್ದು ತಿಳಿದಾಗ ಹಸ್ಮಿಕ್ ಕೇಳಿಕೊಂಡದ್ದು ಎರಡೇ. ಕೆಂಪು ಬಣ್ಣದ್ದೇನಾದರೂ ಹೊದ್ದು ಕಣಿವೆಯ ಅಂಚಿನಲ್ಲಿ ಐದು ನಿಮಿಷ ನಿಲ್ಲಬೇಕು, ಅಮ್ಮ ಎದುರಿಗೆ ಬಂದು ನಿಲ್ಲುತ್ತಾಳೆ. ಇನ್ನೊಂದು, ಇಗರ್ಜಿಯ ಮುಂಬಾಗಿಲು ಹೇಗಿದೆ ಎಂದು ನೋಡಿ ಹೇಳಬೇಕು. "ನಮ್ಮೂರಿಂದ ಕಾಣುವುದು ಅದರ ಬೆನ್ನು ಮಾತ್ರ. ಮುಖ ನೋಡಿದವರು ನಮ್ಮ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ."

ಮುಂಬಾಗಿಲಿನ ಕೆಲಸ ಮೊದಲೇ ಮುಗಿದಿತ್ತು. ತೆಳ್ಳನೆಯ ಕಂಬಗಳು, ಕಮಾನು, ಹೊಸ್ತಿಲ ಬಳಿ ಸವೆದ ಕಲ್ಲು, ಒಳಗೆ ಗುಮ್ಮಟವಿದ್ದಲ್ಲಿ ಕಾಣುವ ದುಂಡನೆಯ ಆಕಾಶ. ಒಂದೊಂದನ್ನೂ ಅವಳು ಹೇಳುತ್ತ ಹೋಗಿದ್ದಳು, ಹಸ್ಮಿಕ್ ಮೆಲಾಕಾದಲ್ಲಿ ಕೂತು ತನ್ನ ಭಾಷೆಗೆ ತಿರುಗಿಸಿ ತಾಯಿಗೆ ಒಪ್ಪಿಸಿದ್ದಳು. ಮುದುಕಿ ಒಂದೊಂದು ಮಾತನ್ನೂ ಮತ್ತೆ ಹೇಳಿಸಿಕೊಂಡಳು. ಆಮೇಲೆ ವಾರಿಜಾಕ್ಷಿ ಅಂಚಿಗೆ ಬಂದು ನಿಂತಳು, ಶಾಲು ಗಂಡನ ತಲೆಯ ಮೇಲಿದೆ ಎಂಬುದೇ ಅವಳಿಗೆ ಮರೆತಿತ್ತು.

ಮೂವತ್ತು ವರ್ಷ ಜನರ ಕಣ್ಣು ನೋಡಿದವಳಿಗೆ ಕೆಲವು ಪ್ರಶ್ನೆಗಳು ತಾವಾಗಿ ಬಾಯಿಗೆ ಬರುತ್ತವೆ.

"ನನ್ನ ಪಕ್ಕದಲ್ಲಿ ಎಷ್ಟು ಜನ ನಿಂತಿದ್ದಾರೆ ಕೇಳು," ಎಂದಳು.

ಹಸ್ಮಿಕ್ ಕೇಳಿದಳು. ಮುದುಕಿಯ ಉತ್ತರ ತಡವಿಲ್ಲದೆ ಬಂತು. "ನಿಮ್ಮ ಯಜಮಾನರು ಇದ್ದಾರಂತೆ. ಎತ್ತರದ ಮನುಷ್ಯ ಅನ್ನುತ್ತಿದ್ದಾಳೆ. ಹೌದಲ್ಲ?"

ಮಧ್ವರಾಜ ವಾರಿಜಾಕ್ಷಿಗಿಂತ ಎರಡು ಬೆರಳು ಗಿಡ್ಡ. "ಇಗರ್ಜಿ ಈಗ ಹೇಗೆ ಕಾಣುತ್ತಿದೆ?"

"ಬಿಸಿಲು ಬಿದ್ದು ಗುಲಾಬಿ ಬಣ್ಣ ಆಗಿದೆಯಂತೆ. ಅಯ್ಯೋ ವಾರಿ, ನಾನೂ ಅಲ್ಲಿರಬೇಕಿತ್ತು."

ಆಕಾಶದಲ್ಲಿ ಬೆಳಗಿನಿಂದಲೂ ಮೋಡ ಮುಚ್ಚಿತ್ತು. ವಾರಿಜಾಕ್ಷಿ ಕೊರಳಲ್ಲಿದ್ದ ಗಂಡನ ದುರ್ಬೀನನ್ನು ಕಣ್ಣಿಗೆ ಹಿಡಿದಳು. ಅವನು ಹಕ್ಕಿ ನೋಡಲೆಂದು ತಂದದ್ದು. ಆಚೆ ದಡ ದುರ್ಬೀನಿನೊಳಗೆ ಗಡಗಡ ನಡುಗಿತು. ಗಾಳಿಗೆ ಅಲ್ಲ. ಅವಳು ಕುಕ್ಕರಗಾಲಲ್ಲಿ ಕೂತು, ದುರ್ಬೀನನ್ನು ಒಂದು ಕಲ್ಲಿನ ಮೇಲೆ ಒರಗಿಸಿ ಮತ್ತೆ ನೋಡಿದಳು. ಬೇಲಿಯ ಹಿಂದೆ ದಿಬ್ಬ. ದಿಬ್ಬದ ತುದಿಯಲ್ಲಿ ಕಪ್ಪು ಕೋಟು, ಬಿಳಿ ತಲೆವಸ್ತ್ರದ ಪುಟ್ಟ ಹೆಂಗಸು ಒಬ್ಬಳೇ ನಿಂತು, ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯನ್ನು ಮೇಲೆತ್ತಿ ಬೀಸುತ್ತಿದ್ದಳು. ಆದರೆ ಅವಳ ಮುಖ ಇತ್ತ ಇರಲಿಲ್ಲ. ಎಡಕ್ಕೆ ತಿರುಗಿ, ಬಲು ದೂರದಲ್ಲಿ ಕಣಿವೆಯ ಅಂಚಿನಲ್ಲಿದ್ದ ಪಾಳು ಮಸೀದಿಯ ಕಡೆಗೆ ಕೈ ಬೀಸುತ್ತಿದ್ದಳು.

ಕಣ್ಣು ಕಾಣದೆಯೂ ಮುದುಕಿ ಎಷ್ಟು ಚೆನ್ನಾಗಿ ನಿಭಾಯಿಸುತ್ತಿದ್ದಾಳೆ ಅನ್ನಿಸಿತು ವಾರಿಜಾಕ್ಷಿಗೆ. ಮೊದಲೇ ಕೇಳಿ ಇಟ್ಟುಕೊಂಡದ್ದು, ನೆನಪಿನಿಂದ ತೆಗೆದು ತುಂಬಿದ್ದು, ತಡವರಿಸದೆ ಹೇಳುವ ಧೈರ್ಯ. ಆ ಉಪಾಯಗಳೆಲ್ಲ ಅವಳಿಗೆ ಗೊತ್ತಿದ್ದವು.

"ಅಮ್ಮ ಹೇಗೆ ಕಾಣುತ್ತಾಳೆ ವಾರಿ?" ಎಂದಳು ಹಸ್ಮಿಕ್.

"ಚೆನ್ನಾಗಿ ಕಾಣುತ್ತಾರೆ," ಎಂದಳು ವಾರಿಜಾಕ್ಷಿ. "ನನ್ನನ್ನೇ ನೋಡುತ್ತಿದ್ದಾರೆ."

ಬಸ್ಸಿನ ಬಳಿ ಟೂರಿನವರನ್ನು ಎಣಿಸುತ್ತ ನಿಂತಿದ್ದ ಟೂರ್ ಮ್ಯಾನೇಜರ್ ರಾಮದಾಸ, ಮಲೇಷ್ಯಾದ ಕೆಲಾಂಗಿನ ತಮಿಳ, "ಡಾಕ್ಟರ್, ಫ್ರೆಂಡ್ ಮದರ್ ಪಾರ್ತಾಚಾ? ಕಮ್ ಲಾ, ಮಕಾನ್ ಟೈಮ್," ಎಂದು ಊಟಕ್ಕೆ ಕರೆದು ನಕ್ಕ. ಅವಳೂ ನಕ್ಕಳು. ಬಸ್ಸು ಕಾರ್ಸ್ ಪಟ್ಟಣದ ದಾರಿ ಹಿಡಿದ ಮೇಲೆ ಗಂಡನಿಗೆ ನಡೆದದ್ದನ್ನು ಹೇಳಿದಳು.

"ಕಣ್ಣಿನ ಪೊರೆಯಾ?" ಎಂದ ಮಧ್ವರಾಜ. ಅವನು ಅದೇ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಕಲಿಸಿ ನಿವೃತ್ತನಾದವನು.

"ಪೊರೆಯೇ ಇರ್ಬೇಕು. ಬೇರೆ ಎಂತಾದ್ರೂ ಇದ್ರೂ ಇರ್ಬಹುದು. ನದಿಯ ಈಚೆ ನಿಂತು ಹೇಗೆ ಹೇಳೂದು?"

"ಸುಮ್ನಿರು ಮಾರಾಯ್ತಿ. ನೀನು ಹೇಳಿದ್ರೆ ಆ ಹುಡುಗಿ ನಾಳೆಯೇ ಕೆಲಸ ಬಿಟ್ಟು ವಿಮಾನ ಹತ್ತಿ ಹೋಗ್ತದೆ. ಮುದುಕಿಗೆ ಅದು ಬೇಡ ಅಂತಲೇ ಅಲ್ವಾ ಇಷ್ಟೆಲ್ಲ ನಾಟಕ?"

"ಪೊರೆಯಾದ್ರೆ ಅರ್ಧ ಗಂಟೆಯ ಕೆಲಸ ಮಾರಾಯ್ರೆ. ಸುಮ್ನೆ ಕುರುಡಾಗಿ ಕೂತಿರ್ಬೇಕಾ?"

"ಹಾಗಾದ್ರೆ ಹೇಳು."

"ಹೇಳ್ತೇನೆ," ಎಂದಳು. ಆದರೆ ಹೇಳಲಿಲ್ಲ.

ಮೆಲಾಕಾಕ್ಕೆ ಮರಳಿದ ಮೇಲೆ ಒಂಬತ್ತು ದಿನ ಹಸ್ಮಿಕ್‌ಳಿಂದ ತಪ್ಪಿಸಿಕೊಂಡು ತಿರುಗಿದಳು. ಊಟದ ಡಬ್ಬಿಯನ್ನು ತನ್ನ ಕೋಣೆಯಲ್ಲೇ ಬಿಚ್ಚಿದಳು. ಮಂಗಳವಾರ ಆಪರೇಶನ್ನಿನ ದಿನ. ಅಂದು ಪಟ್ಟಿಯಲ್ಲಿ ಐದು ಹೆಸರಿತ್ತು. ಅವಳ ಕೈಕೆಳಗಿನ ಸರ್ಜನ್ ಧೃತಿ, ಧಾರವಾಡದವಳು, ಕೈತೊಳೆಯುತ್ತ ಕೇಳಿದಳು: "ಯಾಕ್ರೀ ಮೇಡಂ, ಇವತ್ತೂ ಎಲ್ಲಾ ನನಗ ಕೊಡ್ತೀರೇನು?"

"ನೀನು ಕಲಿಯುವುದು ಯಾವಾಗ ಮತ್ತೆ?" ಎಂದಳು ವಾರಿಜಾಕ್ಷಿ.

ಧೃತಿ ಕಲಿಯುವಂಥದ್ದು ಉಳಿದಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕಳೆದ ದೀಪಾವಳಿಯ ಹೊತ್ತಿಗೆ ವಾರಿಜಾಕ್ಷಿಯ ಬಲಗೈ ಮೊದಲ ಸಲ ನಡುಗಿತು, ಕಾಫಿ ಲೋಟ ಹಿಡಿದಾಗ. ವಯಸ್ಸು, ನಿದ್ದೆಗೇಡು ಎಂದುಕೊಂಡಳು. ಮಾರ್ಚಿನಲ್ಲಿ ಒಬ್ಬ ಚೀನೀ ಅಜ್ಜನ ಪೊರೆ ತೆಗೆಯುವಾಗ ಕಣ್ಣಿನ ಒಳಗಿನ ತೆಳುಪೊರೆ ಕೂದಲೆಳೆಯಷ್ಟು ಹರಿಯಿತು. ಅಜ್ಜನಿಗೆ ಏನೂ ಆಗಲಿಲ್ಲ, ದೃಷ್ಟಿ ಬಂತು, ಕಿತ್ತಳೆ ಹಣ್ಣಿನ ಬುಟ್ಟಿ ತಂದುಕೊಟ್ಟು ಹೋದ. ಅಂಥದ್ದು ಯಾವ ಸರ್ಜನ್‌ಗೂ ಒಮ್ಮೊಮ್ಮೆ ಆಗುತ್ತದೆ ಎಂದು ಧೃತಿಯೇ ಸಮಾಧಾನ ಹೇಳಿದ್ದಳು. ವಾರಿಜಾಕ್ಷಿ ಮಾತ್ರ ಅದು ಯಾಕಾಯಿತೆಂದು ಬಲ್ಲಳು. ಅಂದಿನಿಂದ ಕಷ್ಟದ ಕೇಸುಗಳನ್ನೆಲ್ಲ ಧೃತಿಗೆ ದಾಟಿಸಿ, ಸುಲಭದ್ದನ್ನು ಮಾತ್ರ, ಮಣಿಕಟ್ಟನ್ನು ರೋಗಿಯ ಹಣೆಗೆ ಒತ್ತಿಹಿಡಿದು, ಹೇಗೋ ಮಾಡಿ ಮುಗಿಸುತ್ತಿದ್ದಳು. ಟೂರಿನಿಂದ ಬಂದ ಮೇಲೆ ಅದನ್ನೂ ಮಾಡಲು ಧೈರ್ಯ ಬರಲಿಲ್ಲ.

ಹತ್ತನೆಯ ದಿನ ಹಸ್ಮಿಕ್ ಅವಳನ್ನು ಕಾರಿಡಾರಿನಲ್ಲಿ ಹಿಡಿದೇಬಿಟ್ಟಳು. "ಅಮ್ಮ ಹಳ್ಳಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ ಗೊತ್ತಾ? ಡಾಕ್ಟರಮ್ಮ ಆನಿಯೊಳಗೆ ನಿಂತು ನನಗೆ ಶಾಲು ಬೀಸಿದಳು ಅಂತ!"

ವಾರಿಜಾಕ್ಷಿ ಅವಳ ಮೊಣಕೈ ಹಿಡಿದು ಕಣ್ಣು ಪರೀಕ್ಷಿಸುವ ಕತ್ತಲೆ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಗೋಡೆಯ ಮೇಲೆ ಅಕ್ಷರಗಳ ಪಟ್ಟಿ ಮಾತ್ರ ಬೆಳಗುತ್ತಿತ್ತು.

"ಶಾಲು ನನ್ನ ಮೈಮೇಲೆ ಇರಲಿಲ್ಲ, ಹಸ್ಮಿಕ್."

ಹಸ್ಮಿಕ್ ಅರ್ಥವಾಗದವಳಂತೆ ನೋಡಿದಳು. ವಾರಿಜಾಕ್ಷಿ ಎಲ್ಲವನ್ನೂ ಹೇಳಿದಳು, ಮೋಡವನ್ನು, ಎತ್ತರದ ಯಜಮಾನರನ್ನು, ಮಸೀದಿಯ ಕಡೆ ಬೀಸಿದ ಕೈಯನ್ನು. ಹೇಳುವಾಗ ಹಸ್ಮಿಕ್ ಅಕ್ಷರಗಳ ಪಟ್ಟಿಯನ್ನೇ ನೋಡುತ್ತಿದ್ದಳು.

"ನೀವು ಅವಳನ್ನು ಪರೀಕ್ಷೆ ಮಾಡಿದಿರಿ," ಎಂದಳು ಕೊನೆಗೆ. "ಪ್ರಶ್ನೆಗಳನ್ನು ನನ್ನ ಬಾಯಿಂದಲೇ ಕೇಳಿಸಿದಿರಿ."

"ಹೌದು."

"ಆಗಲೇ ನನಗೆ ಹೇಳಬಹುದಿತ್ತು."

"ಅವರು ಕೇಳಿಸಿಕೊಳ್ಳುತ್ತಿದ್ದರು."

"ಆಮೇಲೆ ಒಂಬತ್ತು ದಿನ ಕೇಳಿಸಿಕೊಳ್ಳುತ್ತಿದ್ದಳೇ?"

ಹಸ್ಮಿಕ್ ಬಾಗಿಲು ತೆಗೆದು ಹೊರಟುಹೋದಳು. ಹೊರಗಿನ ಬೆಳಕು ಒಳಗೆ ಬಂದು ಗೋಡೆಯ ಅಕ್ಷರಗಳು ಮಂಕಾದವು.

ನಾಲ್ಕು ದಿನ ಅವಳು ಮಾತಾಡಿಸಲಿಲ್ಲ. ಐದನೆಯ ದಿನ ಮಧ್ಯಾಹ್ನ ಫೋನು ಮಾಡಿ ಕಾಲೇಜಿನ ಎದುರಿನ ಮಾಮಾಕ್ ಚಹದಂಗಡಿಗೆ ಬರಹೇಳಿದಳು. ವಾರಿಜಾಕ್ಷಿ ಹೋಗುವಾಗ ಅವಳು ಎರಡು ತೇ ತಾರಿಕ್ ತರಿಸಿ, ಚಹದ ನೊರೆ ಇಳಿಯುವುದನ್ನು ನೋಡುತ್ತ ಕೂತಿದ್ದಳು. ಕಣ್ಣು ಊದಿಕೊಂಡಿತ್ತು.

"ಅಮ್ಮನ ಪಕ್ಕದ ಮನೆಯವನಿಗೆ ಫೋನು ಮಾಡಿದೆ," ಎಂದಳು. "ಅವಳಿಗೆ ಕಣ್ಣು ಕಾಣದೆ ಎರಡು ವರ್ಷವಾಯಿತಂತೆ. ಭಾನುವಾರ ನಂಬರು ಒತ್ತಿಕೊಡುವುದು ಅವನೇ. ಆನಿ ಇವತ್ತು ಹೇಗಿದೆ ಎಂದು ಮೊದಲು ಅವನನ್ನು ಕೇಳಿ, ಅವನು ಹೇಳಿದ್ದನ್ನು ನನಗೆ ಹೇಳುತ್ತಾಳಂತೆ. ಅವತ್ತು ದಿಬ್ಬದ ಮೇಲೆ ಅವನನ್ನೂ ನಿಲ್ಲಗೊಡಲಿಲ್ಲವಂತೆ. ಪಕ್ಕದಲ್ಲಿ ಯಾರಾದರೂ ಪಿಸುಗುಟ್ಟಿದರೆ ಡಾಕ್ಟರಿಗೆ ಗೊತ್ತಾಗುತ್ತದೆ, ಒಬ್ಬಳೇ ನಿಲ್ಲುತ್ತೇನೆ ಅಂದಳಂತೆ." ಅವಳು ನಗಲು ನೋಡಿದಳು. "ಮುದುಕಿಗೆ ಹೆದರಿಕೆ ಕಣ್ಣಿನದ್ದಲ್ಲ ವಾರಿ. ನಾನು ಕೆಲಸ ಬಿಟ್ಟು ಬಂದುಬಿಡುತ್ತೇನೆ ಅಂತ."

"ಬಿಡುತ್ತೀಯಾ?"

"ಇಲ್ಲ. ನಾನು ಹೋಗುವುದಲ್ಲ, ಅವಳನ್ನೇ ಇಲ್ಲಿಗೆ ಕರೆಸುತ್ತೇನೆ. ಮೊದಲು ಒಪ್ಪಲಿಲ್ಲ. ಆಮೇಲೆ ಒಂದು ಷರತ್ತು ಹಾಕಿದಳು. ಆನಿಯ ಬಾಗಿಲು ತೋರಿಸಿದ ಡಾಕ್ಟರಮ್ಮನೇ ಕಣ್ಣು ಮುಟ್ಟಬೇಕಂತೆ. ನನ್ನದೂ ಅದೇ ಮಾತು. ಬೇರೆ ಯಾರ ಕೈಗೂ ನಾನು ಅವಳನ್ನು ಕೊಡುವುದಿಲ್ಲ."

"ಧೃತಿ ನನಗಿಂತ ಚೆನ್ನಾಗಿ ಮಾಡುತ್ತಾಳೆ."

"ಎಲ್ಲ ಡಾಕ್ಟರುಗಳೂ ಹೀಗೇ ವಿನಯ ತೋರಿಸುತ್ತಾರೆ."

"ವಿನಯ ಅಲ್ಲ."

"ಮತ್ತೇನು? ನಾನು ಕೋಪ ಮಾಡಿಕೊಂಡೆ ಅಂತಲಾ? ತಪ್ಪಾಯಿತು ವಾರಿ. ನೀವು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ."

ಪಕ್ಕದ ಮೇಜಿನಲ್ಲಿ ಯಾರೋ ರೋಟಿ ಚನಾಯ್ ಹರಿದು ಸಾರಿನಲ್ಲಿ ಅದ್ದುತ್ತಿದ್ದರು. ವಾರಿಜಾಕ್ಷಿ ಅತ್ತ ನೋಡಿದಳು. ಇನ್ನೊಂದು ನೆಪ ಹೇಳಬಹುದಿತ್ತು. ಆಡಳಿತದ ಕೆಲಸ ಹೆಚ್ಚಾಗಿದೆ, ಆ ತಿಂಗಳು ಉಡುಪಿಗೆ ಹೋಗುವುದಿದೆ. ಎರಡೂ ನಾಲಗೆಯ ತುದಿಯಲ್ಲೇ ಇದ್ದವು. ಅವಳು ಜೇಬಿನಿಂದ ಬಲಗೈ ತೆಗೆದು ತೇ ತಾರಿಕ್ ಗ್ಲಾಸನ್ನು ಎತ್ತಿ, ಬಾಯಿಗೆ ಒಯ್ಯದೆ, ಇಬ್ಬರ ನಡುವೆ ಹಾಗೆಯೇ ಹಿಡಿದಳು.

ಚಹ ಗ್ಲಾಸಿನ ಅಂಚಿಗೆ ಬಂದು ಬಂದು ಬಡಿಯಿತು. ನೊರೆ ಬೆರಳುಗಳ ಮೇಲೆ ಇಳಿಯಿತು. ಹಸ್ಮಿಕ್ ಫಿಸಿಯಾಲಜಿ ಕಲಿಸುವವಳು, ಅವಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಎರಡೂ ಕೈಗಳಿಂದ ಗ್ಲಾಸನ್ನು ಮೆಲ್ಲಗೆ ಬಿಡಿಸಿ ಕೆಳಗಿಟ್ಟಳು.

"ಯಾವಾಗಿನಿಂದ?"

"ದೀಪಾವಳಿಯಿಂದ."

"ಯಾರ್ಯಾರಿಗೆ ಗೊತ್ತು?"

"ಈಗ ನಿನಗೆ," ಎಂದಳು ವಾರಿಜಾಕ್ಷಿ. "ನಿಮ್ಮಮ್ಮ ಮಸೀದಿಗೆ ಕೈ ಬೀಸುವುದನ್ನು ನೋಡಿದೆನಲ್ಲ, ಅವತ್ತೇ ಹೇಳಬೇಕಿತ್ತು. ನಿನಗೆ ಅವರ ಸುದ್ದಿ ಹೇಳಿದರೆ ನನ್ನ ಸುದ್ದಿಯೂ ಹೇಳಬೇಕಾಗುತ್ತದೆ ಎಂದು ಒಂಬತ್ತು ದಿನ ಓಡಾಡಿದೆ."

ಹಸ್ಮಿಕ್ ಕರವಸ್ತ್ರದಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು.

ಮರುದಿನ ಬೆಳಿಗ್ಗೆ ವಾರಿಜಾಕ್ಷಿ ಡೀನ್ ಕೋಣೆಗೆ ಹೋಗಿ, ಆಪರೇಶನ್ ಪಟ್ಟಿಯಿಂದ ತನ್ನ ಹೆಸರು ತೆಗೆಯಬೇಕೆಂದು ಬರೆದುಕೊಟ್ಟಳು. ಗಂಡನಿಗೆ ಹೇಳಿದ್ದು ಅದರ ಹಿಂದಿನ ಸಂಜೆ. ಮಧ್ವರಾಜ ಟಿವಿ ಆರಿಸಿ, "ನನ್ನ ಹತ್ರ ಹೇಳ್ಲಿಲ್ಲ ಅಲ್ವಾ ನೀನು," ಎಂದ. ಅಷ್ಟೇ. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ಎಂದೂ ಮಾಡದವನು, ಅಕ್ಕಿ ತೊಳೆದು ಕುಕ್ಕರಿಗೆ ಇಟ್ಟ. ನೀರು ಜಾಸ್ತಿಯಾಗಿ ಅನ್ನ ಗಂಜಿಯಾಯಿತು. ಇಬ್ಬರೂ ಉಪ್ಪಿನಕಾಯಿ ಹಾಕಿಕೊಂಡು ಅದನ್ನೇ ಉಂಡರು. ಮುಂದಿನ ವಾರ ಅವನೇ ಅವಳನ್ನು ನರರೋಗದ ಡಾಕ್ಟರ ಬಳಿ ಕರೆದೊಯ್ದ. ದೊಡ್ಡ ಕಾಯಿಲೆ ಏನಲ್ಲ, ಕೆಲವರ ಕೈಗೆ ಹೀಗಾಗುತ್ತದೆ, ಮಾತ್ರೆಯಿಂದ ಸ್ವಲ್ಪ ಹಿಡಿತಕ್ಕೆ ಬಂದೀತು, ಪೂರ್ತಿ ಹೋಗುವಂಥದ್ದಲ್ಲ ಎಂದರು ಅವರು.

ಧೃತಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವಳು ಪೂರ್ತಿ ಕೇಳಿ, "ಮೇಡಂ, ನನಗ ಸ್ವಲ್ಪ ಅನುಮಾನ ಇತ್ತರೀ. ಕೇಳಾಕ ಬಾಯಿ ಬರಲಿಲ್ಲ," ಎಂದಳು. ಹೊರಡುವಾಗ ಬಾಗಿಲ ಬಳಿ ನಿಂತು, "ಆ ಅಜ್ಜಿ ಆಪರೇಶನ್ ನಾ ಮಾಡ್ತೀನ್ರೀ. ಆದ್ರ ನೀವು ಬಾಜೂಕ ಇರಬೇಕು. ಇಲ್ಲಂದ್ರ ಒಲ್ಲೆ," ಎಂದು ಸೇರಿಸಿದಳು.

ವೀಸಾ, ಟಿಕೆಟ್ಟು ಎಂದು ಎರಡು ತಿಂಗಳು ಹಿಡಿಯಿತು. ಶುಶಾನ್ ಬರುವ ದಿನ ಮಧ್ವರಾಜ ಕಾರು ತೆಗೆದ. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಕೂತು ಬಂದ ಮುದುಕಿ ಮಗಳನ್ನು ಅಪ್ಪಿಕೊಂಡು ಕೆನ್ನೆ, ಕಿವಿ, ಕೂದಲನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದಳು. ಹಸ್ಮಿಕ್ ಈಗ ಅದನ್ನು ತಾಯಿಯ ಮುದ್ದು ಎಂದುಕೊಳ್ಳುವಂತಿರಲಿಲ್ಲ; ಅವಳು ಅಲುಗದೆ, ಮುಖ ಒಡ್ಡಿ ನಿಂತಳು. ಕಾರು ನಿಲಾಯ್ ಪಟ್ಟಣ ದಾಟಿದ ಮೇಲೆ ಹಿಂದಿನ ಸೀಟಿನಲ್ಲಿದ್ದ ಶುಶಾನ್ ಥಟ್ಟನೆ ವಾರಿಜಾಕ್ಷಿಯ ಕಡೆ ತಿರುಗಿ ಏನೋ ಕೇಳಿದಳು.

"ನಿಜ ಹೇಳಬೇಕಂತೆ," ಎಂದಳು ಹಸ್ಮಿಕ್. "ಅವತ್ತು ನೀವು ಎಲ್ಲಿ ನಿಂತಿದ್ದಿರಿ?"

"ದೊಡ್ಡ ಇಗರ್ಜಿಯ ಬೆನ್ನಿಗೆ. ನೀವು ಕೈ ಬೀಸಿದ್ದು ಮಸೀದಿಗೆ."

ಅದನ್ನು ಕೇಳಿ ಮುದುಕಿ ಬಾಯಿಗೆ ತಲೆವಸ್ತ್ರ ಒತ್ತಿಕೊಂಡು ನಕ್ಕಳು. ಭುಜ ಕುಲುಕುವಂತೆ ನಕ್ಕಳು. "ಪಾಪ, ಅದಕ್ಕೂ ಯಾರಾದರೂ ಕೈ ಬೀಸಬೇಕಲ್ಲ ಅನ್ನುತ್ತಿದ್ದಾಳೆ," ಎಂದಳು ಹಸ್ಮಿಕ್, ಅವಳಿಗೂ ನಗು ತಡೆಯಲಾಗಲಿಲ್ಲ.

ಪರೀಕ್ಷೆ ಮಾಡಿದಾಗ ಎರಡು ಕಣ್ಣಲ್ಲೂ ಪೊರೆ ಬಲಿತು ಜೇನಿನ ಬಣ್ಣಕ್ಕೆ ತಿರುಗಿತ್ತು. ಹಿಂದಿನ ನರ ಚೆನ್ನಾಗಿದ್ದಂತಿತ್ತು. ಮೊದಲು ಬಲಗಣ್ಣು ಎಂದು ನಿಶ್ಚಯವಾಯಿತು. ತನ್ನ ಕೈಯ ಸಂಗತಿಯನ್ನು ವಾರಿಜಾಕ್ಷಿ ತಾನೇ ಹೇಳಿದಳು. ಶುಶಾನ್ ಕೇಳಿ, ಆ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ತುಸು ಹೊತ್ತು ಇಟ್ಟುಕೊಂಡಳು. ಆಮೇಲೆ ಧೃತಿಯನ್ನು ಹತ್ತಿರ ಕರೆದು ಅವಳ ಕೈಯನ್ನೂ ಮುಟ್ಟಿ ನೋಡಿ, ತಲೆಯಾಡಿಸಿದಳು.

ಆಪರೇಶನ್ ಕೋಣೆಯೊಳಗೆ ಹಸ್ಮಿಕ್ ಬರುವಂತಿರಲಿಲ್ಲ. ಮರಗಟ್ಟಿಸುವ ಔಷಧ ಕೊಟ್ಟು ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದ ಮೇಲೆ ಮುದುಕಿ ಹೆದರಿ ಕಾಲು ಆಡಿಸತೊಡಗಿದಳು. ಅವಳಿಗೆ ಇಂಗ್ಲಿಷ್ ಬಾರದು; ಅಲ್ಲಿದ್ದ ಯಾರಿಗೂ ಅವಳ ಭಾಷೆ ಬಾರದು. ವಾರಿಜಾಕ್ಷಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಬಟ್ಟೆಯ ಅಡಿಯಿಂದ ಅವಳ ಕೈ ಹುಡುಕಿ ಹಿಡಿದಳು. ಮೂವತ್ತು ವರ್ಷದಲ್ಲಿ ಅವಳು ಆ ಕಡೆಗೆ ಕೂತದ್ದು ಅದೇ ಮೊದಲು. ಅಲ್ಲಿಂದ ಮೈಕ್ರೋಸ್ಕೋಪು ಕಾಣುತ್ತಿತ್ತು, ಧೃತಿಯ ಬಗ್ಗಿದ ತಲೆ ಕಾಣುತ್ತಿತ್ತು, ಕಣ್ಣು ಮಾತ್ರ ಕಾಣುತ್ತಿರಲಿಲ್ಲ.

ಮುದುಕಿಯ ಹಿಡಿತದೊಳಗೆ ವಾರಿಜಾಕ್ಷಿಯ ಕೈ ನಡುಗಿತು. ಮುದುಕಿ ಕಾಲು ಆಡಿಸುವುದು ನಿಂತಿತು. ಬಟ್ಟೆಯ ಅಡಿಯಿಂದ ಮೆಲ್ಲಗೆ ಏನೋ ಹೇಳಿದಳು, ಒಂದೇ ಮಾತನ್ನು ಎರಡೆರಡು ಸಲ, ಮಗುವಿಗೆ ಹೇಳುವ ದನಿಯಲ್ಲಿ, ಹೆಬ್ಬೆರಳಿನಿಂದ ವಾರಿಜಾಕ್ಷಿಯ ಮಣಿಕಟ್ಟನ್ನು ಸವರುತ್ತ.

"ಏನಂತಾರ್ರೀ ಮೇಡಂ?" ಎಂದು ಧೃತಿ ತಲೆಯೆತ್ತದೆ ಕೇಳಿದಳು.

"ಗೊತ್ತಿಲ್ಲ. ನೀನು ಮುಂದುವರಿಸು."

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಶುಶಾನ್ ರೆಪ್ಪೆ ಬಡಿದು ಬಡಿದು ಮೊದಲು ಧೃತಿಯನ್ನು ನೋಡಿದಳು, ಆಮೇಲೆ ಮಗಳನ್ನು. ಕೈ ಚಾಚಿ ಹಸ್ಮಿಕ್‌ಳ ಬೈತಲೆಯ ಪಕ್ಕದ ನರೆಗೂದಲನ್ನು ಹಿಡಿದು ಗದರಿಸುವಂತೆ ಏನೋ ಅಂದಳು. ಹಸ್ಮಿಕ್ ಅದನ್ನು ಯಾರಿಗೂ ಅನುವಾದ ಮಾಡಲಿಲ್ಲ.

ವಾರ್ಡಿನ ಕೊನೆಯಲ್ಲಿ ಒಂದು ದೊಡ್ಡ ಕಿಟಕಿಯಿತ್ತು. ಮುದುಕಿ ಎದ್ದು, ಯಾರ ತೋಳನ್ನೂ ಹಿಡಿಯದೆ, ಅದರ ಬಳಿಗೆ ನಡೆದಳು. ಐದನೆಯ ಮಹಡಿ. ಕೆಳಗೆ ಹೆಂಚಿನ ಮಾಡುಗಳು, ಅವುಗಳಾಚೆ ಮೆಲಾಕಾ ಜಲಸಂಧಿ, ಬೆಳಗಿನ ಬಿಸಿಲಿಗೆ ತವರದ ತಗಡಿನಂತೆ ಹೊಳೆಯುತ್ತ, ಮೇಲೆ ಅಲ್ಲಲ್ಲಿ ಸರಕು ಹಡಗುಗಳು. ಅವಳು ಬಹಳ ಹೊತ್ತು ನೋಡಿದಳು. ನಂತರ ಗಾಜಿನ ಮೇಲೆ ಬೆರಳಿಟ್ಟು ಮಗಳನ್ನು ಏನೋ ಕೇಳಿದಳು.

"ಅಮ್ಮ ಸಮುದ್ರ ನೋಡಿರಲಿಲ್ಲ," ಎಂದಳು ಹಸ್ಮಿಕ್. "ನಮ್ಮ ದೇಶದಲ್ಲಿ ಇಲ್ಲವಲ್ಲ. ಇದು ಯಾವಾಗಲೂ ಹೀಗೇ ಅಲುಗುತ್ತಿರುತ್ತದಾ ಎಂದು ಕೇಳುತ್ತಿದ್ದಾಳೆ."

"ಯಾವಾಗಲೂ," ಎಂದಳು ವಾರಿಜಾಕ್ಷಿ.

ಮುದುಕಿ ತಲೆದೂಗಿದಳು. ದೂರದಲ್ಲಿ ಒಂದು ಹಡಗು ನಿಂತಲ್ಲೇ ನಿಂತಂತೆ ಕಾಣುತ್ತಿತ್ತು. ಅವಳು ಹಣೆಗೆ ಕೈ ಅಡ್ಡ ಹಿಡಿದು, ಅದು ಕಿಟಕಿಯ ಚೌಕಟ್ಟನ್ನು ದಾಟುವವರೆಗೂ ಅದನ್ನೇ ನೋಡುತ್ತ ನಿಂತಳು.